ಎಡಬಿಡಂಗಿ

ಪಂಪು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಆಯುಷ್ಯ ಸವೆಸಿ ನಿವೃತ್ತನಾದ ಫೋರ್‌ಮನ್‌ಗೆ ಈ ಲೋಕದಲ್ಲಿ ಕಂಡರಾಗದ ಸಂಗತಿಗಳು ಬಹಳ ಇದ್ದವು. ಸಡಿಲ ಬೋಲ್ಟು ಕಂಡರಾಗದು. ಸ್ಟೀಲ್ ಸ್ಕೇಲಿನಿಂದ ಬೆನ್ನು ಕೆರೆದುಕೊಳ್ಳುವವರು ಕಂಡರಾಗದು. ‘ಸುಮಾರಾಗಿ’ ಎಂಬ ಮಾತು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಇದನ್ನೆಲ್ಲ ತಕ್ಕಡಿಯ ಒಂದು ತಟ್ಟೆಗೆ ಹಾಕಿ ಇನ್ನೊಂದರಲ್ಲಿ ಅವನ ಷಡ್ಡಕನನ್ನು ಕೂರಿಸಿದರೆ, ಷಡ್ಡಕನ ತಟ್ಟೆಯೇ ಕೆಳಗಿಳಿಯುತ್ತಿತ್ತು.

ಹೆಂಡತಿಯ ತಂಗಿಯ ಗಂಡನಾದ ಈ ಷಡ್ಡಕ ಹೊಲಿಗೆ ಮೆಷೀನು ರಿಪೇರಿಯವನು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಬಾಗಿಲಷ್ಟೇ ಅಗಲದ ಅಂಗಡಿ. ಕುಳ್ಳಗೆ, ತೆಳ್ಳಗೆ, ಕೂತಲ್ಲಿ ಕೂರದೆ ಗಿರಕಿ ಹೊಡೆಯುತ್ತಿದ್ದ ಆ ಮನುಷ್ಯನಿಗೆ ಫೋರ್‌ಮನ್ ಬಹಳ ಹಿಂದೆಯೇ ‘ಬಾಬಿನ್’ ಎಂದು ಹೆಸರಿಟ್ಟಿದ್ದ. ದಾರ ಸುತ್ತುವ ಆ ಪುಟ್ಟ ಉರುಳೆಯ ಹೆಸರು ಅವನಿಗೆ ಎಷ್ಟು ಚೆನ್ನಾಗಿ ಕೂತಿತೆಂದರೆ ಓಣಿಯವರೂ ಹಾಗೇ ಕರೆಯತೊಡಗಿದರು. ಕೊನೆಗೆ ಅವನೇ ಅದನ್ನು ಅಂಗಡಿಯ ಬೋರ್ಡಿನ ಮೇಲೆ ಬರೆಸಿಕೊಂಡ. ಬೈಗುಳವನ್ನೇ ಬೋರ್ಡು ಮಾಡಿಕೊಂಡವನನ್ನು ಇನ್ನು ಯಾವ ಮಾತಿನಿಂದ ಬೈಯುವುದು? ಫೋರ್‌ಮನ್‌ಗೆ ಅದೊಂದು ತಲೆನೋವಾಗಿತ್ತು.

ಇಂಥ ಬಾಬಿನ್, ಯಾರೋ ಮನೆ ಖಾಲಿ ಮಾಡುವಾಗ ಸಿಕ್ಕಿತೆಂದು ಒಂದು ಹಳೆಯ ಮೆಷೀನನ್ನು ಗಾಡಿಯಲ್ಲಿ ಹೇರಿಕೊಂಡು ಬಂದ. ಅದು ಲೇತೂ ಹೌದು, ಮಿಲ್ಲಿಂಗ್ ಮೆಷೀನೂ ಹೌದು. ಮೇಜಿನ ಮೇಲೆ ಕೂರುವಂಥ ಚಿಕ್ಕ ಲೇತು. ಅದರ ಬೆನ್ನ ಹಿಂದೆ ದುಂಡನೆಯ ಒಂದು ಕಂಬ. ಕಂಬವನ್ನು ತಬ್ಬಿಕೊಂಡು ಮಿಲ್ಲಿಂಗಿನ ತಲೆ. ಕಬ್ಬಿಣವನ್ನು ಗಿರ್ರನೆ ತಿರುಗಿಸಿ ಅಲಗಿನಿಂದ ಹೆರೆಯಬೇಕೆಂದರೆ ಲೇತು. ಕಬ್ಬಿಣವನ್ನು ಕದಲದಂತೆ ಬಿಗಿದು ಅಲಗನ್ನೇ ತಿರುಗಿಸಿ ಕೊರೆಯಬೇಕೆಂದರೆ ಮೇಲಿನ ತಲೆ.

ಅಡುಗೆಮನೆಗೆ ಒತ್ತಿಕೊಂಡಿದ್ದ ಶೀಟಿನ ಕೋಣೆಯಲ್ಲಿ ಅದಕ್ಕೆ ಜಾಗವಾಯಿತು. ಭಾನುವಾರ ಹೆಂಡತಿಯ ಜೊತೆ ಬಂದ ಫೋರ್‌ಮನ್, ಕಾರ್ಖಾನೆಯಲ್ಲಿ ಸುತ್ತು ಹೊಡೆಯುತ್ತಿದ್ದ ಹಾಗೆಯೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅದರ ಸುತ್ತ ನಡೆದ.

“ಇದೇನಪ್ಪಾ ಇದು?”

“ಕಾಂಬಿನೇಷನ್ ಮೆಷೀನು ಅಣ್ಣಾ. ಎರಡೂ ಕೆಲಸ ಒಂದರಲ್ಲೇ.”

“ಎರಡು ಕೆಲಸ ಕೆಡಿಸೋಕೆ ಎರಡು ಮೆಷೀನು ದಂಡ ಅಂತ ಒಂದರಲ್ಲೇ ಮುಗಿಸಿದಾರೆ,” ಎಂದ ಫೋರ್‌ಮನ್. ಬೆರಳಿನ ಗೆಣ್ಣಿನಿಂದ ಕಂಬವನ್ನು ಕುಟ್ಟಿದ. ಅದು ಠಣ್ಣೆಂದಿತು. “ಒಳಗೆ ಪೊಳ್ಳು. ನೀನು ಮಿಲ್ಲಿಂಗ್ ಶುರು ಮಾಡಿದ್ರೆ ಓಣಿಯವರೆಲ್ಲ ಸ್ಕೂಲು ಬಿಡ್ತು ಅಂದ್ಕೋತಾರೆ.” ಆಮೇಲೆ ಹಿಡಿ ತಿರುವಿ ತಲೆಯನ್ನು ಮೇಲೆತ್ತಿದ. ಅದು ಏರಿದ ಕೂಡಲೇ ದುಂಡು ಕಂಬದ ಸುತ್ತ ಜಾರಿ ಪಕ್ಕಕ್ಕೆ ಹೊರಳಿತು. “ನೋಡು, ಬಸ್ಸಲ್ಲಿ ಸೀಟು ಸಿಕ್ಕಿದವನ ಥರ ಮುಖ ತಿರುಗಿಸ್ತು. ಒಂದು ತೂತು ಕೊರೆದು, ಅಲಗು ಬದಲಾಯಿಸೋಕೆ ತಲೆ ಎತ್ತಿದ್ರೆ ಆ ತೂತು ಮತ್ತೆ ನಿನಗೆ ಈ ಜನ್ಮದಲ್ಲಿ ಸಿಗಲ್ಲ. ಲೇತಿಗೆ ಬಡಕಲು, ಮಿಲ್ಲಿಂಗಿಗೆ ಸೊಟ್ಟ. ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ. ಎಡಬಿಡಂಗಿ.”

“ಗೊತ್ತಣ್ಣಾ,” ಎಂದ ಬಾಬಿನ್, ಮೂಗಿನ ಮೇಲೆ ಜಾರಿದ ಕನ್ನಡಕವನ್ನು ಮುಂಗೈಯಿಂದ ಮೇಲೇರಿಸುತ್ತ. “ಸರಿ ಮಾಡ್ಕೋತೀನಿ.”

ಆ ವರ್ಷವೆಲ್ಲ ಅವನ ಬಾಯಲ್ಲಿ ಇದೊಂದೇ ಮಾತು.

ಮೊದಲು ಕಂಬದ ಸರದಿ. ಅಡುಗೆಕಟ್ಟೆಗೆ ಕಲ್ಲು ಕೊಯ್ಯುವವನ ಅಂಗಳದಿಂದ ಬಾಬಿನ್ ಕಲ್ಲಿನ ಪುಡಿ ಹೊತ್ತು ತಂದ. ಹೆಂಡತಿಯ ಹಿಟ್ಟಿನ ಜರಡಿಯಲ್ಲಿ ಅದನ್ನು ಸೋಸಿ, ಎರಡು ಡಬ್ಬಿಗಳ ಅಂಟು ಬೆರೆಸಿ, ಗಂಜಿಯ ಹಾಗೆ ಕಲಸಿ ಕಂಬದ ಹೊಟ್ಟೆಗೆ ಸುರಿದ. ಅದು ಒಳಗೆ ಕಲ್ಲಾಗುವ ತನಕ ಕಂಬದ ಹತ್ತಿರ ಯಾರನ್ನೂ ಸುಳಿಯಗೊಡಲಿಲ್ಲ.

“ನನ್ನ ಜರಡಿ ಹಾಳಾಗಿ ಹೋಯ್ತು ಭಾವ,” ಎಂದು ಅವನ ಹೆಂಡತಿ ಟೀ ತಂದಿಡುತ್ತ ನಗುತ್ತಲೇ ದೂರಿದಳು.

“ಜರಡಿ ಹೋದ್ರೆ ಇನ್ನೊಂದು ಬರುತ್ತೆ. ಇವನ ತಲೇಲಿರೋದನ್ನ ಸೋಸಿದ್ರೆ ಮೇಲೂ ಏನೂ ಉಳಿಯಲ್ಲ, ಕೆಳಗೂ ಏನೂ ಬೀಳಲ್ಲ,” ಎಂದ ಫೋರ್‌ಮನ್. ಕಂಬವನ್ನು ಮತ್ತೆ ಕುಟ್ಟಿ ನೋಡಿದ. ಈ ಸಲ ಠಣ್ಣೆನ್ನದೆ ಥಪ್ಪೆಂದಿತು. “ಗಂಟೆ ಹೋಗಿ ಮೂಟೆ ಆಯ್ತು. ಭೇಷ್.”

ಆಮೇಲೆ ಕಂಬದ ಪಕ್ಕದಲ್ಲಿ ಇನ್ನೊಂದು ಚಪ್ಪಟೆ ಉಕ್ಕಿನ ಪಟ್ಟಿ ಎದ್ದಿತು. ಕೆಳಗೊಂದು ಮೇಲೊಂದು ಹಿಡಿತ ಕೊಟ್ಟು ಅದನ್ನು ನೆಟ್ಟಗೆ ನಿಲ್ಲಿಸಿದ ಬಾಬಿನ್, ಮಿಲ್ಲಿಂಗಿನ ತಲೆಗೆ ಹಿತ್ತಾಳೆಯ ಎರಡು ದವಡೆ ಕಟ್ಟಿ ಆ ಪಟ್ಟಿಯನ್ನು ಕಚ್ಚಿಸಿದ. ಇನ್ನು ತಲೆ ಏರಿದರೂ ಇಳಿದರೂ ಪಟ್ಟಿಯ ಗುಂಟವೇ ಹೋಗಬೇಕು, ಅತ್ತಿತ್ತ ಹೊರಳುವಂತಿಲ್ಲ ಎಂಬುದು ಲೆಕ್ಕಾಚಾರ. ಹಿತ್ತಾಳೆಯ ದವಡೆಗಳನ್ನು ಅವನು ಕೂದಲಿನಷ್ಟು ಬಿಗಿಮಾಡುವುದು, ಕೂದಲಿನಷ್ಟು ಸಡಿಲಿಸುವುದು, ಎಷ್ಟೋ ಭಾನುವಾರ ಹೀಗೇ ನಡೆಯಿತು.

“ಹುಟ್ಟುತ್ತಲೇ ಊರುಗೋಲು ಹಿಡಿದ ಮೆಷೀನು ಇದೊಂದೇ ಇರಬೇಕು,” ಎಂದ ಫೋರ್‌ಮನ್.

ಮಿಲ್ಲಿಂಗ್ ಮಾಡುವಾಗ ಉಕ್ಕಿನ ತುಂಡನ್ನು ಕೈಯಿಂದ ತಳ್ಳಿದರೆ ಅದರ ಮೈ ಒರಟಾಗುತ್ತದೆಂದು, ಒಂದೇ ಹದದಲ್ಲಿ ತಳ್ಳಲು ಹಳೆ ಕಾರಿನ ವೈಪರ್ ಮೋಟರು ಬಂದು ಮೂಲೆಯಲ್ಲಿ ಕೂತಿತು. “ಮಳೆ ಬಂದ್ರೆ ಕನ್ನಡಕನೂ ಒರೆಸುತ್ತಾ?” ಜಾರುವ ಮೇಜನ್ನು ಬೇಕಾದಲ್ಲಿ ಬಿಗಿದು ನಿಲ್ಲಿಸಲು ಸೈಕಲ್ ಸೀಟಿನ ಹಿಡಿ ಬಂತು. “ಬೆಲ್ಲೂ ಹಾಕ್ಸು.” ಇಡೀ ಮೆಷೀನಿನ ಅಡಿಗೆ ದಪ್ಪ ಕಲ್ಲಿನ ಚಪ್ಪಡಿ ಬಂತು. “ಹೂಂ, ಗೋರಿನೂ ರೆಡಿ.”

ಬಾಬಿನ್ ಒಂದಕ್ಕೂ ಎದುರು ಮಾತಾಡುತ್ತಿರಲಿಲ್ಲ. ಕೆಲವು ಮಾತಿಗೆ ನಗುತ್ತಲೂ ಇದ್ದ. ಆ ನಗುವನ್ನು ಕಂಡರೆ ಫೋರ್‌ಮನ್‌ಗೆ ಇನ್ನಷ್ಟು ಪಿತ್ತ ಕೆರಳುತ್ತಿತ್ತು. ಬೈಸಿಕೊಂಡವನು ಬೈಸಿಕೊಂಡವನ ಹಾಗೆ ಇರಬೇಡವೇ?

“ನಿನ್ನ ಮೆಷೀನು ತನಗೆ ಬೇಕಾದ್ದನ್ನ ಬಿಟ್ಟು ಬೇರೆ ಏನನ್ನೂ ಹೆತ್ತಿಲ್ಲವಲ್ಲೋ,” ಎಂದು ಒಂದು ಭಾನುವಾರ ಕೇಳಿಯೇಬಿಟ್ಟ. “ಅದರ ಪಟ್ಟಿ ಅದೇ ಮಾಡ್ತು, ಅದರ ದವಡೆ ಅದೇ ಮಾಡ್ತು. ಮನೆಗೆ ಒಂದು ಬಾಗಿಲಿನ ಚಿಲಕ ಆದ್ರೂ ಮಾಡಿಕೊಡ್ತಾ?”

“ಮೊದಲು ಅದು ಸರಿಹೋಗಲಿ ಅಣ್ಣಾ.”

ದಾರಿಯಲ್ಲಿ ಫೋರ್‌ಮನ್ ಇದನ್ನೆಲ್ಲ ಹೆಂಡತಿಗೆ ಇನ್ನೊಮ್ಮೆ, ಸ್ವಲ್ಪ ಒಗ್ಗರಣೆ ಹಾಕಿ, ಒಪ್ಪಿಸುತ್ತಿದ್ದ. ಆಕೆ ಕೈಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಳ್ಳುತ್ತ ಕೇಳುತ್ತಿದ್ದಳು.

“ಅಷ್ಟು ದರಿದ್ರವಾಗಿದ್ರೆ ವಾರವಾರ ಹೋಗಿ ಯಾಕೆ ನೋಡ್ತೀರಿ?” ಎಂದಳು ಒಮ್ಮೆ.

“ಯಾರಾದ್ರೂ ನಿಜ ಹೇಳ್ಬೇಕಲ್ಲ.”

ನಿಜವೆಂದರೆ ಫೋರ್‌ಮನ್‌ಗೆ ನೋಡಲು ಬೇರೇನೂ ಉಳಿದಿರಲಿಲ್ಲ. ಅವನು ಹೊರಬಿದ್ದ ಮೇಲೆ ಆ ಟೂಲ್‌ರೂಮಿಗೂ ಬೀಗ ಬಿದ್ದಿತ್ತು. ಅವನು ಮೈಯೆಲ್ಲ ಕಣ್ಣಾಗಿ ಕಾಪಾಡಿದ್ದ ಮೆಷೀನುಗಳನ್ನು ಯಾರೋ ಗುಜರಿಯವರು ತೂಕಕ್ಕೆ ಹಾಕಿಕೊಂಡು ಹೋಗಿದ್ದರು. ತಪ್ಪು ಹುಡುಕುವುದರಲ್ಲಿ ಪಳಗಿದ ಕಣ್ಣು ಈಗ ಮನೆಯ ನಲ್ಲಿ, ಕಿಟಕಿಯ ಕೊಂಡಿ, ಹೆಂಡತಿ ಮಡಚಿಟ್ಟ ಬಟ್ಟೆಗಳ ಮೇಲೆ ಅಲೆದಾಡಿ, ಭಾನುವಾರಕ್ಕಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತಿತ್ತು.

ಬಾಬಿನ್‌ನ ಈ ಒದ್ದಾಟಕ್ಕೆಲ್ಲ ಒಂದು ಗುರಿಯಿತ್ತು. ಪಾರ್ಕಿನ ಎದುರಿಗೆ ಹೆಣ್ಣುಮಕ್ಕಳ ಹೊಲಿಗೆ ಶಾಲೆ. ಅಲ್ಲಿಯ ಮೆಷೀನುಗಳು ಹಳೆಯವು, ಗಟ್ಟಿಮುಟ್ಟಾದವು. ಆದರೆ ಕೆಳದಾರದ ಶಟಲನ್ನು ಅತ್ತಿತ್ತ ತೂಗುವ ಒಂದು ಉಕ್ಕಿನ ತುಂಡು ಒಂದೊಂದರಲ್ಲಾಗಿ ಸವೆದು, ಹೊಲಿಗೆ ಬಿಟ್ಟುಹೋಗತೊಡಗಿತ್ತು. ಅದನ್ನು ಮಾಡುತ್ತಿದ್ದ ಕಂಪನಿ ಯಾವತ್ತೋ ನಿಲ್ಲಿಸಿಬಿಟ್ಟಿತ್ತು. ಬೆರಳುದ್ದದ ತುಂಡು, ಒಂದು ತುದಿ ದುಂಡಗೆ, ಇನ್ನೊಂದು ತುದಿಯಲ್ಲಿ ಏಡಿಯ ಕೊಂಬಿನಂಥ ಎರಡು ಬೆರಳು. ದುಂಡಗಿನ ತುದಿಗೆ ಲೇತು ಬೇಕು, ಕೊಂಬಿಗೆ ಮಿಲ್ಲಿಂಗ್ ಬೇಕು. ವರ್ಷಗಳಿಂದ ಆ ಶಾಲೆಯ ಮೆಷೀನುಗಳಿಗೆ ಎಣ್ಣೆ ಬಿಡುತ್ತ ಬಂದಿದ್ದ ಬಾಬಿನ್, ನಾನೇ ಮಾಡಿಕೊಡುತ್ತೇನೆ ಎಂದು ಶಾಲೆಯ ಮೇಡಂಗೆ ಹೇಳಿದ್ದ. ಮೆಷೀನು ಹದಕ್ಕೆ ಬಂದ ಮೇಲೆ ಕೆಲವು ತುಂಡುಗಳನ್ನು ಮಾಡಿ, ಹತ್ತಿಯಲ್ಲಿ ಸುತ್ತಿ ಒಯ್ದು ತೋರಿಸಿ, ಅಲ್ಲೇ ಬಿಟ್ಟು ಬಂದ. ಮೇಡಂ ಮೆಚ್ಚಿದರು, ಆದರೂ ಕೈ ಹಾಕುವ ಮುನ್ನ ತಿಳಿದವರನ್ನು ಒಂದು ಮಾತು ಕೇಳೋಣವೆಂದುಕೊಂಡರು. ಊರಿನಲ್ಲಿ ತಿಳಿದವನೆಂದರೆ ಫೋರ್‌ಮನ್.

ಅವನು ಅವರಿಗೆ ಸಿಕ್ಕಿದ್ದು ಕಣ್ಣಿನ ಡಾಕ್ಟರ ಷಾಪಿನಲ್ಲಿ. ಕಣ್ಣಿಗೆ ಔಷಧ ಬಿಡಿಸಿಕೊಂಡವರು ಗೋಡೆಗುಂಟ ಬೆಂಚುಗಳಲ್ಲಿ ಕೂತು, ಹೆಸರು ಕರೆಯುವುದನ್ನು ಕಾಯುತ್ತಿದ್ದರು. ಫೋರ್‌ಮನ್‌ಗೂ ಔಷಧ ಬಿಟ್ಟಾಗಿತ್ತು. ಎದುರಿಗಿದ್ದ ಮೇಡಂ ಮಂಜಿನೊಳಗಿಂದ ಮಾತಾಡಿದ ಹಾಗೆ ಕಂಡರು.

“ನಿಮ್ಮ ಷಡ್ಡಕರು ನಮ್ಮ ಸ್ಪೇರ್ ಪಾರ್ಟು ಮನೇಲೇ ಮಾಡಿಕೊಡ್ತೀನಿ ಅಂತಿದಾರೆ,” ಎಂದರು. “ನೀವು ಆ ಮೆಷೀನು ನೋಡಿದೀರಂತೆ. ನಂಬಬಹುದಾ?”

“ಅದರ ಮೇಲಾ?” ಎಂದ ಫೋರ್‌ಮನ್.

ಅಷ್ಟು ಹೇಳಿ ನಕ್ಕುಬಿಟ್ಟ. ನಗು ಒಳಗಿನಿಂದ ಉಕ್ಕಿಕೊಂಡು ಬಂತು. ಹೊಟ್ಟೆ ಹಿಡಿದುಕೊಂಡ, ಔಷಧದ ಜೊತೆ ಕಣ್ಣೀರೂ ಸೇರಿ ಕೆನ್ನೆಗಿಳಿಯಿತು. ಪಕ್ಕದವರು ಏನು ಎಂದು ಕೇಳಿದರು. ಕೇಳಿದ ಮೇಲೆ ಬಿಡುತ್ತಾನೆಯೇ? ಊರುಗೋಲು, ವೈಪರ್ ಮೋಟರು, ಸೈಕಲ್ ಸೀಟಿನ ಹಿಡಿ, ಹಿಟ್ಟಿನ ಜರಡಿ, ಎಲ್ಲವನ್ನೂ ಬೆಂಚಿನ ಮೇಲೆ ಹರವಿದ. “ಅದು ಮೆಷೀನಲ್ಲ ಮೇಡಂ, ಗುಜರಿ ಅಂಗಡಿಯ ಮೆರವಣಿಗೆ,” ಎಂದ. ಇಡೀ ಷಾಪು ನಕ್ಕಿತು. ಮೇಡಂ ಕೂಡ ಕರವಸ್ತ್ರ ಬಾಯಿಗಿಟ್ಟುಕೊಂಡರು.

ಇಷ್ಟು ಜನ ಒಟ್ಟಿಗೆ ಅವನ ಮಾತು ಕೇಳಿ ಎಷ್ಟೋ ಕಾಲವಾಗಿತ್ತು. ಫೋರ್‌ಮನ್ ಅವತ್ತು ಹಗುರಾಗಿ ಮನೆಗೆ ನಡೆದ.

ಮುಂದಿನ ಭಾನುವಾರ ಬಾಬಿನ್‌ನ ಮನೆಯಲ್ಲಿ ಮಾತು ಕಡಿಮೆಯಿತ್ತು. ಶಾಲೆಯ ಕೆಲಸ ಬರಲಿಲ್ಲವಂತೆ, ಬೇರೆ ಊರಿನ ವರ್ಕ್‌ಷಾಪಿಗೆ ಹೋಯಿತಂತೆ, ಯಾಕೋ ಗೊತ್ತಿಲ್ಲವಂತೆ. ಬಾಬಿನ್ ಇಷ್ಟು ಹೇಳಿ ಮೆಷೀನಿನ ಮೇಲೆ ಬಟ್ಟೆ ಹೊದಿಸಿದ. ಫೋರ್‌ಮನ್ “ಹೂಂ” ಎಂದ. ಅವನಿಗೆ ಒಳಗೆಲ್ಲೋ ಚುರುಕ್ಕೆಂದಿತು, ಆದರೆ ಅದನ್ನು ಕೂಡಲೇ ಒಂದು ಒಳ್ಳೆಯ ಮಾತಿನಿಂದ ಮುಚ್ಚಿದ: “ಆಗಿದ್ದೆಲ್ಲ ಒಳ್ಳೇದಕ್ಕೇ. ಕೊಟ್ಟಿದ್ರೆ ನೀನು ಪೇಚಿಗೆ ಸಿಕ್ಕೋತಿದ್ದೆ.”

ಎರಡು ದಿನ ಕಳೆದು, ಮಟಮಟ ಮಧ್ಯಾಹ್ನ, ನಾದಿನಿ ಒಬ್ಬಳೇ ಬಂದಳು. ಚಪ್ಪಲಿ ಬಿಟ್ಟವಳು ಒಳಗೆ ಅಕ್ಕನ ಹತ್ತಿರ ಹೋಗದೆ ಸೀದಾ ಅವನ ಕುರ್ಚಿಯ ಮುಂದೆ ನಿಂತಳು.

“ಭಾವ, ಮೇಡಂ ಹತ್ರ ನೀವು ಏನು ಹೇಳಿದ್ರಿ?”

“ಯಾವ ಮೇಡಂ?”

“ನಮ್ಮವರು ಮಾಡಿದ ತುಂಡುಗಳನ್ನ ವಾಪಸ್ ತರೋಕೆ ಇವತ್ತು ಶಾಲೆಗೆ ಹೋಗಿದ್ದೆ. ಮನೆಯವರೇ ಹೊಟ್ಟೆ ಹಿಡ್ಕೊಂಡು ನಕ್ಕ ಮೇಲೆ ನಾನು ಹೇಗಮ್ಮ ಧೈರ್ಯ ಮಾಡ್ಲಿ ಅಂದ್ರು.”

ಒಳಗಿನಿಂದ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಫೋರ್‌ಮನ್ ಪೇಪರು ಮಡಚಿದ.

“ನಾನು ಕೊಡಬೇಡಿ ಅಂತ ಹೇಳ್ಲಿಲ್ಲ. ಕೇಳಿದ್ರು, ನಕ್ಕೆ.”

“ಅಷ್ಟೇ ಸಾಕಾಯ್ತು.”

“ಮತ್ತೆ ಸುಳ್ಳು ಹೇಳ್ಬೇಕಿತ್ತಾ? ಆ ಮೆಷೀನಿನ ಯೋಗ್ಯತೆ ನನಗೆ ಗೊತ್ತಿಲ್ವಾ?”

“ಅಳೆದು ನೋಡಿದೀರಾ?” ಎಂದು ಕೇಳಿದವಳು ಹೆಂಡತಿ.

“ಅಳೀಬೇಕಾ? ನನ್ನ ಕಣ್ಣೇ ಅಳತೆ.”

“ಆ ಕಣ್ಣಿಗೇ ಅಲ್ವಾ ಡಾಕ್ಟರ್ ಹತ್ರ ಹೋಗಿದ್ದು?”

ನಾದಿನಿ ನೀರು ಕೂಡ ಕುಡಿಯದೆ ಹೊರಟುಹೋದಳು. ಹೆಂಡತಿ ಆಮೇಲೆ ಬೈಯಲಿಲ್ಲ, ಜಗಳವಾಡಲಿಲ್ಲ. ಅವನು ಏನು ಹೇಳಿದರೂ “ಸರಿ” ಎನ್ನತೊಡಗಿದಳು. ನಲ್ಲಿ ಸೋರುತ್ತಿದೆ ಎಂದರೆ ಸರಿ, ಬಟ್ಟೆ ಓರೆಯಾಗಿ ಮಡಚಿದ್ದೀಯ ಎಂದರೆ ಸರಿ. ಗುಮಾಸ್ತನೊಬ್ಬ ಹುಚ್ಚು ಅರ್ಜಿದಾರನಿಗೆ ತಲೆಯಾಡಿಸುವ ಹಾಗಿತ್ತು ಅದು. ಮೂರು ಊಟ ಹೀಗೆ ಕಳೆಯುವಷ್ಟರಲ್ಲಿ ಫೋರ್‌ಮನ್‌ಗೆ ಉಸಿರು ಕಟ್ಟಿದಂತಾಯಿತು.

ಅಳೆದೇ ತೋರಿಸುತ್ತೇನೆ ಎಂದುಕೊಂಡ. ಬೀರುವಿನಿಂದ ತನ್ನ ಡಯಲ್ ಗೇಜನ್ನು ಇಳಿಸಿದ. ಗಡಿಯಾರದಂಥ ಮುಖ, ಕೆಳಗೆ ಮೂತಿಯಂಥ ಒಂದು ಕಡ್ಡಿ. ಕಡ್ಡಿಗೆ ಕೂದಲ ಎಳೆ ತಾಗಿದರೂ ಮುಳ್ಳು ಕುಣಿಯುತ್ತದೆ. ಅದನ್ನೂ ದಪ್ಪ ಅಳೆಯುವ ಮೈಕ್ರೋಮೀಟರನ್ನೂ ಚೀಲಕ್ಕೆ ಹಾಕಿಕೊಂಡು, ಬಾಬಿನ್ ಅಂಗಡಿಯಲ್ಲಿರುವ ಹೊತ್ತು ನೋಡಿ ಹೊರಟ.

ಬಾಗಿಲು ತೆಗೆದ ನಾದಿನಿ ಚೀಲವನ್ನು ನೋಡಿದಳು.

“ಇನ್ನೇನು ಉಳಿದಿದೆ ಭಾವ?”

“ಅಳೀತೀನಿ.”

“ಅಳೀರಿ. ಅದೇನು ಅಡುಗೆಮನೆಯಲ್ಲ, ಯಾರು ಬೇಕಾದ್ರೂ ಹೋಗಬಹುದು,” ಎಂದು ಒಳಗೆ ನಡೆದಳು.

ಫೋರ್‌ಮನ್ ಬಟ್ಟೆ ಸರಿಸಿದ. ಮಿಲ್ಲಿಂಗಿನ ತಲೆಗೆ ಡಯಲ್ ಕಟ್ಟಿ, ಮೇಜಿನ ಮೇಲೆ ಒಂದು ಉಕ್ಕಿನ ಗಟ್ಟಿಯನ್ನು ಬಿಗಿದು, ಕಡ್ಡಿಯನ್ನು ಅದರ ಕೆನ್ನೆಗೆ ತಾಗಿಸಿ ಮುಳ್ಳನ್ನು ಸೊನ್ನೆಗೆ ತಂದ. ಹಿಡಿ ತಿರುವಿ ತಲೆಯನ್ನು ಪೂರಾ ಮೇಲೆತ್ತಿದ, ಮತ್ತೆ ಇಳಿಸಿದ. ಮುಳ್ಳು ಹೋಗಿ ಹೋಗಿ ಸೊನ್ನೆಯ ಮೇಲೇ ಕೂತಿತು.

ಕೈ ತಪ್ಪಿರಬೇಕೆಂದುಕೊಂಡ. ಮತ್ತೆ ಎತ್ತಿದ, ಈ ಸಲ ಧಡಕ್ಕನೆ ಇಳಿಸಿದ. ಮುಳ್ಳು ಒಂದು ಗೆರೆ ಅಲುಗಿ ಮತ್ತೆ ಸೊನ್ನೆಗೆ ಬಂತು. ತಲೆಯನ್ನು ಭುಜದಿಂದ ಒತ್ತಿ ಹಿಡಿದು ಇಳಿಸಿ ನೋಡಿದ. ಇನ್ನೊಂದು ಬದಿಯಿಂದ ನೋಡಿದ. ಎದುರಾಳಿಯ ಸಾಕ್ಷಿಯನ್ನು ಕೆದಕುವ ವಕೀಲನ ಹಾಗೆ, ಎಲ್ಲಾದರೂ ಬಾಯಿ ತಪ್ಪೀತೆಂದು ಆ ಮೆಷೀನಿನ ಒಂದೊಂದು ಕೀಲನ್ನೂ ಕೇಳಿದ. ಸೈಕಲ್ ಸೀಟಿನ ಹಿಡಿ ಸಿಕ್ಕಿಬಿತ್ತು: ಬಿಗಿದಾಗ ಮೇಜು ಒಂದಿಷ್ಟು ಏಳುತ್ತಿತ್ತು. ಫೋರ್‌ಮನ್‌ಗೆ ಎಂಥ ಸಂತೋಷವಾಯಿತೆಂದರೆ “ಹಾಂ” ಎಂದು ಗಟ್ಟಿಯಾಗಿಯೇ ಹೇಳಿದ. ಆದರೆ ಆ ಏರಿಕೆ ಹೊಲಿಗೆ ಮೆಷೀನಿನ ತುಂಡಿಗೆ ಯಾವ ಲೆಕ್ಕದ್ದೂ ಅಲ್ಲ. ಅದು ಅವನಿಗೂ ಗೊತ್ತಿತ್ತು.

ಹತ್ತಿ ಸುತ್ತಿದ ತುಂಡುಗಳು ಕಿಟಕಿಯ ಕಟ್ಟೆಯ ಮೇಲೆ ಒಂದು ಡಬ್ಬಿಯಲ್ಲಿದ್ದವು. ಒಂದೊಂದನ್ನೇ ಮೈಕ್ರೋಮೀಟರಿನ ಬಾಯಿಗೆ ಕೊಟ್ಟ. ಎಲ್ಲವೂ ಒಂದೇ ತಾಯಿಯ ಮಕ್ಕಳು. ಕೊಂಬಿನ ಒಳಮೈ ನೀರಿನ ಹಾಗೆ ನಯವಾಗಿತ್ತು. ಕೈಯಿಂದ ತಳ್ಳಿದ್ದರೆ ಆ ನಯ ಬರುವುದಿಲ್ಲ, ಅದು ವೈಪರ್ ಮೋಟರಿನ ಕೆಲಸ. ಕಲ್ಲು ತುಂಬಿದ ಕಂಬ ಅದುರಲಿಲ್ಲ, ಆದ್ದರಿಂದ ಅಲಗಿನ ನಡುಕದ ಗುರುತು ಎಲ್ಲಿಯೂ ಇಲ್ಲ. ಕಾರ್ಖಾನೆಯಲ್ಲಿ ಇಂಥ ತುಂಡನ್ನು ಯಾರಾದರೂ ತಂದಿಟ್ಟಿದ್ದರೆ ಅವನು ಏನೂ ಹೇಳದೆ ಪಕ್ಕಕ್ಕಿಡುತ್ತಿದ್ದ. ಅವನ ಕಾಲದಲ್ಲಿ ಅದೇ ಮೆಚ್ಚುಗೆ.

ಅಳೆಯದೆ ಬಾಯಿ ಬಿಟ್ಟವರನ್ನು ಅವನು ಆ ಟೂಲ್‌ರೂಮಿನಿಂದ ಹೊರಗೆ ನಿಲ್ಲಿಸಿದ್ದುಂಟು. ಎಲ್ಲರೆದುರು ಮಾನ ಹರಾಜು ಹಾಕಿದ್ದುಂಟು. ಒಬ್ಬ ಅಳುತ್ತ ಕೆಲಸವನ್ನೇ ಬಿಟ್ಟು ಹೋಗಿದ್ದ. ಫೋರ್‌ಮನ್ ಆ ಶೀಟಿನ ಕೋಣೆಯಲ್ಲಿ, ಮುರುಕು ಸ್ಟೂಲಿನ ಮೇಲೆ ಕೂತು, ತನ್ನನ್ನು ತಾನು ಅಂಥವರ ಸಾಲಿನಲ್ಲಿ ನಿಲ್ಲಿಸಿ ನೋಡಿದ. ಚೆನ್ನಾಗಿ ಕಾಣಲಿಲ್ಲ. ಇಷ್ಟು ವರ್ಷ ಊರಿನವರಿಗೆಲ್ಲ ಹಂಚಿದ ತಿರಸ್ಕಾರದಲ್ಲಿ ತನ್ನ ಪಾಲು ಇಷ್ಟು ದೊಡ್ಡದಾಗಿ ಉಳಿದಿತ್ತೆಂದು ಅವನು ತಿಳಿದಿರಲಿಲ್ಲ.

ಅಲ್ಲಿಂದ ಸೀದಾ ಹೊಲಿಗೆ ಶಾಲೆಗೆ ಹೋದ. ಸಾಲಾಗಿ ಕೂತ ಹುಡುಗಿಯರ ಕಾಲಡಿ ಮೆಷೀನುಗಳು ಗಡಗಡ ಓಡುತ್ತಿದ್ದವು. ಗಾಜಿನ ಕೋಣೆಯಲ್ಲಿ ಕೂತಿದ್ದ ಮೇಡಂ ಅವನನ್ನು ಕೂರಲು ಹೇಳಿದರು.

“ಆ ಮೆಷೀನನ್ನ ಅಳೆದು ನೋಡಿದೆ ಮೇಡಂ. ತುಂಡುಗಳೂ ಸರಿಯಾಗಿವೆ. ಕೊಡಬಹುದು.”

ಮೇಡಂ ಪೆನ್ನು ಕೆಳಗಿಟ್ಟರು. “ಅವತ್ತು ನಕ್ಕೋರು ನೀವೇ, ಇವತ್ತು ಹೊಗಳ್ತಿರೋರೂ ನೀವೇ. ನಾನು ಯಾವುದನ್ನ ನಂಬಲಿ?”

“ಇವತ್ತಿಂದು.”

“ಬೇರೆಯವರಿಗೆ ಕೆಲಸ ಒಪ್ಪಿಸಿ ಆಯ್ತಲ್ಲ. ಅವರೂ ಮಾಲು ತರಿಸಿ ಶುರು ಮಾಡಿದಾರೆ. ನಿಮಗೆ ನಗು ಬಂದಾಗ ಒಂದು ಮಾತು, ಮನೇಲಿ ಬೈಸಿಕೊಂಡಾಗ ಒಂದು ಮಾತು ಅಂದ್ರೆ ನಾನು ಶಾಲೆ ನಡೆಸೋದು ಹೇಗೆ?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಗಾಜಿನಾಚೆಯ ಹುಡುಗಿಯೊಬ್ಬಳು ಬಟ್ಟೆಯನ್ನು ಓರೆಯಾಗಿ ಕೊಡುತ್ತಿದ್ದುದನ್ನು ನೋಡಿ ಎದ್ದು ಹೋದರು, ಮತ್ತೆ ಅವನ ಕಡೆ ಬರಲಿಲ್ಲ. ಫೋರ್‌ಮನ್ ಸ್ವಲ್ಪ ಹೊತ್ತು ಕೂತಿದ್ದು, ತಾನೇ ಎದ್ದ.

ಸಂಜೆ ಓಣಿಯ ಅಂಗಡಿಗೆ ಹೋದಾಗ ಬಾಬಿನ್ ಒಂದು ಮೆಷೀನನ್ನು ಬೋರಲು ಹಾಕಿ ಅದರ ಹೊಟ್ಟೆಯಿಂದ ದಾರದ ಸಿಕ್ಕು ಕೀಳುತ್ತಿದ್ದ. ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದ. ಅವನಿಗೂ ಎಲ್ಲ ಗೊತ್ತಾಗಿತ್ತು.

“ನಿನ್ನ ಮೆಷೀನು ಅಳೆದೆ,” ಎಂದ ಫೋರ್‌ಮನ್, ಬಾಗಿಲಲ್ಲೇ ನಿಂತು.

“ಹೇಳಿದ್ಳು.”

“ಕೆಟ್ಟದಾಗೇನೂ ಇಲ್ಲ.” ಇದಕ್ಕಿಂತ ಒಳ್ಳೆಯ ಮಾತು ಬಾಯಿಗೆ ಬರಲಿಲ್ಲ. “ಆ ಸೀಟಿನ ಹಿಡಿ ಒಂದು ಬಿಟ್ಟರೆ.”

“ಗೊತ್ತು. ಬಿಗಿದಾಗ ಏಳುತ್ತೆ.”

“ಗೊತ್ತಾ?”

“ನಾನೂ ಅಳೆದಿದ್ದೆ ಅಣ್ಣಾ. ಅಷ್ಟು ದಿನ ಮಾಡ್ತಿದ್ದಿದ್ದು ಅದೇ ತಾನೇ.”

“ಮತ್ತೆ ನಾನು ಅಷ್ಟೆಲ್ಲ ಅಂದಾಗ ಒಂದು ಮಾತು ಹೇಳಬಾರದಿತ್ತಾ?”

“ನೀವು ಕೇಳ್ಲಿಲ್ಲ.” ಬಾಬಿನ್ ಚಿಮಟದಿಂದ ಒಂದು ಕೆಂಪು ದಾರವನ್ನು ಎಳೆದು ತೆಗೆದು ಬೆರಳಿಗೆ ಸುತ್ತಿಕೊಂಡ. “ನೀವು ಬೈತಿರೋದು ಮೆಷೀನಿಗೆ ಅಂದ್ಕೊಂಡಿದ್ದೆ. ಅದಕ್ಕೇ ನಗ್ತಿದ್ದೆ.”

ಫೋರ್‌ಮನ್ ಮೇಡಂ ಬಳಿ ಹೋಗಿಬಂದದ್ದನ್ನು ಹೇಳಿದ. ಬಾಬಿನ್ ಪೂರ್ತಿ ಕೇಳಿಸಿಕೊಂಡ.

“ಇನ್ನು ಮೇಲೆ ನನ್ನ ಪರವಾಗಿ ಯಾರ ಹತ್ರಾನೂ ಹೋಗಬೇಡಿ ಅಣ್ಣಾ. ನೀವು ಬೈದ್ರೂ ಕೆಲಸ ಹೋಗುತ್ತೆ, ಹೊಗಳಿದ್ರೂ ನಗೆಪಾಟಲಾಗುತ್ತೆ,” ಎಂದ. ಅಷ್ಟರಲ್ಲಿ ಹೆಂಗಸೊಬ್ಬಳು ಮೆಷೀನಿನ ಬೆಲ್ಟು ಕೇಳಿಕೊಂಡು ಬಂದಳು. ಬಾಗಿಲಷ್ಟೇ ಅಗಲದ ಅಂಗಡಿ. ಅವಳು ಒಳಗೆ ಬರಬೇಕಾದರೆ ಫೋರ್‌ಮನ್ ಹೊರಗೆ ಇಳಿಯಲೇಬೇಕಾಯಿತು.

ಬೇರೆ ಊರಿನ ವರ್ಕ್‌ಷಾಪಿನ ತುಂಡುಗಳು ಬಂದವು. ಜೋಡಿಸಲು ಮೇಡಂ ಕರೆಸಿದ್ದು ಬಾಬಿನ್‌ನನ್ನೇ. ಬೇರೆ ಯಾರಿಗೂ ಆ ಮೆಷೀನುಗಳ ಗುಟ್ಟು ತಿಳಿಯದು. ಅವನು ಹೋಗಿ ಎಲ್ಲವನ್ನೂ ಜೋಡಿಸಿ ಬಂದ. ಫೋರ್‌ಮನ್ ಆ ತುಂಡುಗಳ ಮೇಲೆ ಬಹಳ ಆಸೆ ಇಟ್ಟುಕೊಂಡಿದ್ದ. ಅವು ಕೂರದಿರಲಿ, ಕೂತರೂ ಕಿರುಗುಟ್ಟಲಿ, ತಿಂಗಳಲ್ಲಿ ಸವೆಯಲಿ, ಆಗ ತನ್ನ ತಪ್ಪು ಅಷ್ಟಿಷ್ಟಾದರೂ ಬೇರೆಯವರ ಹೆಗಲಿಗೆ ಹೋಗುತ್ತದೆ ಎಂಬ ಆಸೆ. ಹೆಂಡತಿಯ ಕೈಲಿ ಅವಳ ತಂಗಿಯನ್ನು ಕೇಳಿಸಿದ.

“ಚೆನ್ನಾಗಿವೆಯಂತೆ,” ಎಂದಳು ಹೆಂಡತಿ. “ಒಳ್ಳೆ ಕೆಲಸ, ನೋಡಿ ಕಲಿಯೋ ಹಾಗಿದೆ ಅಂದನಂತೆ.”

“ಹಾಗಂದನಾ?”

“ಅವನು ಅಳೆದೇ ಹೇಳಿರ್ತಾನೆ.”

ಕೆಲವು ಭಾನುವಾರ ಫೋರ್‌ಮನ್ ಮೊಣಕಾಲು ನೋವಿನ ನೆಪ ಹೇಳಿ ಮನೆಯಲ್ಲೇ ಉಳಿದ. ಹೆಂಡತಿ ಒಬ್ಬಳೇ ಹೋಗಿಬರುತ್ತಿದ್ದಳು. ಕೊನೆಗೆ ಒಂದು ದಿನ, “ಎಷ್ಟು ದಿನ ಮುಖ ಮರೆಸ್ಕೊಂಡು ಕೂರ್ತೀರಿ? ಬನ್ನಿ, ಯಾರೂ ನಿಮ್ಮನ್ನ ತಿನ್ನಲ್ಲ,” ಎಂದು ಚಪ್ಪಲಿಯನ್ನು ಮುಂದಕ್ಕೆ ತಳ್ಳಿದಳು.

ಹೋದಾಗ ಶೀಟಿನ ಕೋಣೆಯಲ್ಲಿ ಕೆಲಸ ನಡೆದಿತ್ತು. ಬೇಕರಿಯ ಹಿಟ್ಟು ಕಲಸುವ ಯಂತ್ರದ ಉದ್ದನೆಯ ಸಲಾಕೆಯೊಂದು ಮಿಲ್ಲಿಂಗಿನ ತಲೆಯ ಕೆಳಗೆ ಅಡ್ಡಲಾಗಿ ಮಲಗಿತ್ತು. ಅದರ ಮೈಯಲ್ಲಿ ಕೀ ಎಂಬ ಬೆಣೆ ಕೂರುವ ಸಂದನ್ನು ಕೊರೆಯಬೇಕಿತ್ತು. ಸೈಕಲ್ ಸೀಟಿನ ಹಿಡಿ ಹೋಗಿ, ಅದರ ಜಾಗದಲ್ಲಿ ಎರಡು ದಪ್ಪ ಬೋಲ್ಟು ಬಂದಿದ್ದವು. ಸಲಾಕೆಯ ಒಂದು ತುದಿ ಮೇಜಿನಾಚೆ ಮಾರುದ್ದ ಚಾಚಿ ಜೋಲುತ್ತಿತ್ತು. ಅದನ್ನು ಯಾರಾದರೂ ಎತ್ತಿ ಸಮನಾಗಿ ಹಿಡಿಯಬೇಕು.

“ಬನ್ನಿ ಅಣ್ಣಾ,” ಎಂದ ಬಾಬಿನ್. ಮರ್ಯಾದೆಯಲ್ಲಿ ಕೊರತೆಯಿಲ್ಲ. ಆಮೇಲೆ ಅಡುಗೆಮನೆಯ ಕಡೆ ತಿರುಗಿ, “ಒಂದ್ನಿಮಿಷ ಬಾರೇ, ಈ ತುದಿ ಹಿಡ್ಕೋ,” ಎಂದು ಹೆಂಡತಿಯನ್ನು ಕರೆದ.

ಫೋರ್‌ಮನ್ ಅಲ್ಲೇ ನಿಂತಿದ್ದ. ಇಂಥ ಸಲಾಕೆಗಳನ್ನು ಹಿಡಿಯುವುದರಲ್ಲೇ ಅವನ ಅರ್ಧ ಆಯುಷ್ಯ ಕಳೆದಿತ್ತು. ಕೈ ತಾನಾಗಿಯೇ ಬೆನ್ನ ಹಿಂದಿನಿಂದ ಮುಂದಕ್ಕೆ ಬಂತು. ನಾದಿನಿ ಸೆರಗಿಗೆ ಕೈ ಒರೆಸಿಕೊಂಡು ಬಂದು, ಅವನನ್ನು ದಾಟಿ ಹೋಗಿ, ತುದಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಸ್ವಲ್ಪ ಕೆಳಗೆ ಹಿಡಿದಿದ್ದಳು. ಇನ್ನೊಂದು ಬೆರಳಿನಷ್ಟು ಏರಿಸಬೇಕಿತ್ತು. ಹೇಳಲೋ ಬೇಡವೋ ಎಂದು ಫೋರ್‌ಮನ್ ಕಿಟಕಿಯ ಕಡೆಯಿಂದ ಒಂದು ಹೆಜ್ಜೆ ಮುಂದಿಟ್ಟ.

ಬಾಬಿನ್ ಬಗ್ಗಿ ನೋಡಿ ತಾನೇ ಕಂಡುಕೊಂಡ. “ಒಂಚೂರು ಮೇಲೆ. ಹಾಂ, ಅಲ್ಲೇ,” ಎಂದು ಹೆಂಡತಿಗೆ ಹೇಳಿದ. ಅಲಗನ್ನು ಉಕ್ಕಿಗೆ ತಾಗಿಸುತ್ತ, ಕಣ್ಣು ಕೀಳದೆ, ಇನ್ನೊಂದು ಮಾತು ಸೇರಿಸಿದ.

“ಅಣ್ಣಾ, ಬೆಳಕಿಗೆ ಅಡ್ಡ ನಿಂತಿದೀರಿ.”

ಫೋರ್‌ಮನ್ ಗೋಡೆಗೆ ಸರಿದು ನಿಂತ.